ಎರಡು ಗಡಿಯಾರಗಳ ನಡುವೆ: ಮಗನ ಹಾಯಿದೋಣಿಗೆ ಜಾಗ ಹುಡುಕಿದ ಆರು ತಿಂಗಳು

ಮಗನ ದೋಣಿಗೆ ಕೊನೆಗೂ ಒಂದು ಜಾಗ ಸಿಕ್ಕಿತು. ಜನವರಿಯಲ್ಲಿ ಶುರುವಾದ ಓಡಾಟ ಜೂನ್ ಕೊನೆಗೆ ಮುಗಿಯಿತು. ಈಗ ಸುಂಟಿಕೊಪ್ಪದ ಮನೆಯಲ್ಲಿದ್ದೇನೆ. ಹೊರಗೆ ಜೋರು ಮಳೆ, ತೋಟಕ್ಕೆ ಇಳಿಯುವ ಹಾಗಿಲ್ಲ. ನಡೆದದ್ದು ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಕೊಡಗಿನಿಂದ ಹೋಗಿ ಹೊರದೇಶದ ಸಮುದ್ರದ ಪಕ್ಕ ಮನೆ ಮಾಡಿದ ಮಕ್ಕಳು ಈಗ ಬೇಕಾದಷ್ಟಿದ್ದಾರೆ. ಅವರಲ್ಲಿ ಯಾರಾದರೂ ಹಾಯಿದೋಣಿ ಕೊಳ್ಳಲು ಹೊರಟರೆ ಒಂದು ಮಾತು: ದೋಣಿ ನೋಡುವ ಮೊದಲು ಅದನ್ನು ಕಟ್ಟುವ ಜಾಗ ನೋಡಿ. ಆ ಜಾಗಕ್ಕೂ ಸಮುದ್ರಕ್ಕೂ ನಡುವೆ, ದೋಣಿ ದಾಟಲು ಮೇಲಕ್ಕೆ ಎತ್ತುವ ಸೇತುವೆ ಇದೆಯಾ ಅಂತ ನೋಡಿ.

ನಾನು ಮೂವತ್ತೊಂದು ವರ್ಷ ಸರಕು ಹಡಗುಗಳ ಎಂಜಿನ್ ರೂಮಿನಲ್ಲಿ ದುಡಿದವನು. ಹಡಗು ಎಲ್ಲಿ ನಿಲ್ಲಬೇಕು ಅನ್ನುವುದು ಯಾವತ್ತೂ ನನ್ನ ತಲೆನೋವಾಗಿರಲಿಲ್ಲ. ಪೈಲಟ್ ಬರುತ್ತಿದ್ದರು, ಟಗ್ ಬರುತ್ತಿತ್ತು, ಮೇಲಿನಿಂದ ಹೇಳಿದ ಹಾಗೆ ನಾವು ಎಂಜಿನ್ ನಡೆಸುತ್ತಿದ್ದೆವು. ಮಗ ಇಂಗ್ಲೆಂಡಿನ ದಕ್ಷಿಣದಲ್ಲಿ, ಡಾರ್ಸೆಟ್ ಕೌಂಟಿಯ ಡಾರ್ಚೆಸ್ಟರ್‌ನಲ್ಲಿ ಇದ್ದಾನೆ. ಆಸ್ಪತ್ರೆಯಲ್ಲಿ ನರ್ಸ್. ದಿನಕ್ಕೆ ಹನ್ನೆರಡು ಗಂಟೆಯ ಶಿಫ್ಟ್, ಆಮೇಲೆ ಎರಡೋ ಮೂರೋ ದಿನ ರಜೆ. ಆ ರಜೆಯಲ್ಲಿ ಹಾಯಿ ಬಿಡುವುದನ್ನು ಕಲಿತ. ಜನವರಿಯ ಒಂದು ರಾತ್ರಿ ಫೋನ್ ಮಾಡಿ, "ಅಪ್ಪ, ಲಿಮಿಂಗ್ಟನ್‌ನಲ್ಲಿ ವೆಸ್ಟರ್ಲಿ ಕಂಪನಿಯ ಒಂದು ಹಳೇ ಹಾಯಿದೋಣಿ ಇದೆ, 29 ಅಡಿ. ನೀವೂ ಸೇರಿದರೆ ತಗೊಳ್ಳಬಹುದು" ಅಂದ. ಆಗ ನಮ್ಮಲ್ಲಿ ಕಾಫಿ ಕುಯ್ಲು ಮುಗಿಯುತ್ತಾ ಇತ್ತು. ಕಣದಲ್ಲಿ ಒಣಗಿದ ಕಾಫಿ ಮೂಟೆಗೆ ತುಂಬಿಸುತ್ತಿದ್ದೆ. ಕೈಯಲ್ಲಿ ನಾಲ್ಕು ಕಾಸು ಬರುವ ಸಮಯ. ಹೂಂ ಅಂದುಬಿಟ್ಟೆ.

ಮೊದಲು ಹಣದ ವಿಷಯ. ನನ್ನ ಪಾಲು ಎಂಟು ಲಕ್ಷ. ಹೊರದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಅನ್ನುವ ವ್ಯವಸ್ಥೆ ಇದೆ. ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್ ತನಕ ಕಳಿಸಬಹುದು. ಪಾನ್ ಕಾರ್ಡ್ ಬೇಕು, ಎ2 ಅನ್ನುವ ಫಾರಂ ತುಂಬಬೇಕು, ಯಾವ ಕಾರಣಕ್ಕೆ ಅಂತ ಬರೆಯಬೇಕು. ನಾನು ಮಗನಿಗೆ ಗಿಫ್ಟ್ ಅಂತ ಬರೆದೆ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷದ ತನಕ ಕಳಿಸಿದರೆ ಟಿಸಿಎಸ್, ಅಂದರೆ ಬ್ಯಾಂಕಿನವರು ಮೊದಲೇ ಹಿಡಿದುಕೊಳ್ಳುವ ತೆರಿಗೆ, ಹಿಡಿಯುವುದಿಲ್ಲ. ಅದಕ್ಕಿಂತ ಹೆಚ್ಚಾದರೆ, ಗಿಫ್ಟ್ ಮೇಲೆ, ಹೆಚ್ಚಾದ ಮೊತ್ತಕ್ಕೆ ಶೇ. 20 ಹಿಡಿಯುತ್ತಾರೆ. ರಿಟರ್ನ್ ಹಾಕಿದಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯ ತನಕ ನಮ್ಮ ದುಡ್ಡು ಅಲ್ಲೇ ಇರುತ್ತದೆ. ಅದಕ್ಕೇ ನಾನು ಎಂಟಕ್ಕೆ ನಿಲ್ಲಿಸಿದೆ. ನನ್ನ ಖಾತೆ ಇರುವ ಶಾಖೆಯಲ್ಲಿ ಈ ಕೆಲಸ ಮಾಡಿದವರೇ ಇರಲಿಲ್ಲ. ಮೈಸೂರಿಗೆ ಹೋಗಿ ಅಂದರು. ಮೈಸೂರಿನಲ್ಲಿ, ನಿಮ್ಮ ಶಾಖೆಯಿಂದಲೇ ಫಾರಂ ಬರಬೇಕು ಅಂದರು. ಹೀಗೆ ಹದಿನೇಳು ದಿನ ಹೋಯಿತು. ನೀವು ಹಣ ಕಳಿಸುವ ಯೋಚನೆ ಇದ್ದರೆ, ನಿಮ್ಮ ಶಾಖೆ ಹೊರದೇಶದ ವ್ಯವಹಾರ ಮಾಡುತ್ತದಾ ಅಂತ ಮೊದಲೇ ಕೇಳಿಕೊಳ್ಳಿ.

ಮಾರ್ಚ್‌ನಲ್ಲಿ ಹೂಮಳೆ ಬಂದು ತೋಟವೆಲ್ಲ ಬೆಳ್ಳಗಾದ ವಾರವೇ ದೋಣಿಯನ್ನು ಕ್ರೇನ್‌ನಲ್ಲಿ ಎತ್ತಿ ಸರ್ವೆ, ಅಂದರೆ ದೋಣಿಯ ತಪಾಸಣೆ, ಮಾಡಿಸಿದರು. ನಲವತ್ತು ವರ್ಷ ದಾಟಿದ ದೋಣಿಗೆ ಸರ್ವೆ ವರದಿ ಇಲ್ಲದೆ ವಿಮೆ ಕೊಡಲು ಒಪ್ಪಲಿಲ್ಲ. ವಿಮೆ ಇಲ್ಲದೆ ಮರೀನಾದವರು, ಅಂದರೆ ದೋಣಿ ಕಟ್ಟಲು ಬಾಡಿಗೆಗೆ ಜಾಗ ಕೊಡುವ ಸಣ್ಣ ಬಂದರಿನವರು, ಜಾಗ ಕೊಡುವುದಿಲ್ಲ. ಬೇರೆಯವರ ದೋಣಿಗೆ ಹಾನಿಯಾದರೆ ಭರಿಸುವ ವಿಮೆ ಇದೆ ಅಂತ ಕಾಗದ ತೋರಿಸಲೇಬೇಕು. ಸರ್ವೆಗೂ ಕ್ರೇನ್‌ಗೂ ಸೇರಿ ಮಗನಿಗೆ 900 ಪೌಂಡ್ ಹತ್ತಿರ ಬಿತ್ತು. ಇದನ್ನು ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಹಿಂದಿನ ಮಾಲೀಕರ ಮಾರಾಟ ಪತ್ರಗಳು ಒಂದಾದ ಮೇಲೊಂದು ಸರಿಯಾಗಿದ್ದವು, ಅದು ನಮ್ಮ ಪುಣ್ಯ.

ಇನ್ನು ಜಾಗದ ವಿಷಯ. ಮಗ ಮೂರು ಕಡೆ ವಿಚಾರಿಸಿದ್ದ. ಒಂದು ಪೋರ್ಟ್‌ಲ್ಯಾಂಡ್. 2012ರ ಲಂಡನ್ ಒಲಿಂಪಿಕ್ಸ್‌ನ ಹಾಯಿದೋಣಿ ಸ್ಪರ್ಧೆ ನಡೆದದ್ದು ಅದೇ ನೀರಿನಲ್ಲಿ. ಅಲ್ಲಿಂದ ಸಮುದ್ರಕ್ಕೆ ನಡುವೆ ಯಾವ ಸೇತುವೆಯೂ ಇಲ್ಲ. ಎರಡನೆಯದು ವೇಮತ್. ಅಲ್ಲಿ ಪೇಟೆಯ ನಡುವೆ 1930ರ ಒಂದು ಎತ್ತುವ ಸೇತುವೆ ಇದೆ, ಮರೀನಾ ಅದರ ಒಳಬದಿಗೆ, ಸಮುದ್ರಕ್ಕೆ ಹೋಗಬೇಕಾದರೆ ಸೇತುವೆ ದಾಟಲೇಬೇಕು. ಮೂರನೆಯದು ಪೂಲ್. ಅಲ್ಲಿ ಒಂದರ ಹಿಂದೆ ಒಂದು, ಎರಡು ಎತ್ತುವ ಸೇತುವೆ. ಒಂದು 1927ರದ್ದು, ಇನ್ನೊಂದು 2012ರಲ್ಲಿ ಶುರುವಾದ ಟ್ವಿನ್ ಸೈಲ್ಸ್. ನಮಗೆ ಬಂದ ದರಪಟ್ಟಿಗಳಲ್ಲಿ ಸೇತುವೆ ಒಳಗಿನ ಜಾಗ ಹೊರಗಿನ ಜಾಗಕ್ಕಿಂತ ವರ್ಷಕ್ಕೆ ಸುಮಾರು 1,100 ಪೌಂಡ್ ಕಡಿಮೆ ಇತ್ತು.

ಮಗನಿಗೆ ಆ 1,100 ಪೌಂಡ್ ಕಣ್ಣಿಗೆ ಕಾಣುತ್ತಿತ್ತು. ನನಗೆ ಸೇತುವೆ ಕಾಣುತ್ತಿತ್ತು. ಫೋನಿನಲ್ಲಿ ಇದೇ ಚರ್ಚೆ ಒಂದು ತಿಂಗಳು ನಡೆಯಿತು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಗೇಟಿನ ಹತ್ತಿರ, ಹಲಸಿನ ಮರದ ಕೆಳಗೆ. ರಾತ್ರಿ ಅಲ್ಲಿ ನಿಂತು ಸೊಳ್ಳೆ ಕಚ್ಚಿಸಿಕೊಂಡು ಮಾತಾಡಿದ್ದೇ ಮಾತಾಡಿದ್ದು. ಒಂದು ಸಲ ಅವನು ಬೇಜಾರಾಗಿ, "ಅಪ್ಪ, ನೀವು ಬಂದು ಕಣ್ಣಾರೆ ನೋಡಿ, ಆಮೇಲೆ ಹೇಳಿ" ಅಂದ. ಮೇ ತಿಂಗಳಲ್ಲಿ ಹೋದೆ. ವೀಸಾ ಕೆಲಸ ಬೆಂಗಳೂರಿನಲ್ಲಿ ತೊಂದರೆ ಇಲ್ಲದೆ ಆಯಿತು.

ಇಲ್ಲಿ ಸ್ವಲ್ಪ ನಿಂತು ಸೇತುವೆ ಬಗ್ಗೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನಮ್ಮ ಕೊಡಗಿನಲ್ಲಿ ಸೇತುವೆ ಏಳುವುದಿಲ್ಲ, ಹೊಳೆ ಏಳುತ್ತದೆ. ಭಾಗಮಂಡಲದ ಸಂಗಮದಲ್ಲಿ ನೀರು ಬಂದು ನಾಪೋಕ್ಲು ರಸ್ತೆ ಮುಳುಗುವುದನ್ನು ನೋಡಿದವರಿಗೆ ಒಂದು ವಿಷಯ ಬೇಗ ತಿಳಿಯುತ್ತದೆ. ಸೇತುವೆ ಎಷ್ಟು ಎತ್ತರ ಅನ್ನುವುದಕ್ಕಿಂತ, ನೀರಿಗೂ ಸೇತುವೆಗೂ ನಡುವೆ ಎಷ್ಟು ಜಾಗ ಉಳಿದಿದೆ ಅನ್ನುವುದು ಮುಖ್ಯ. ಸಮುದ್ರದ ಪಕ್ಕದ ಊರಲ್ಲಿ ಆ ಜಾಗ ದಿನಕ್ಕೆ ಎರಡು ಸಲ ಹೆಚ್ಚುಕಡಿಮೆ ಆಗುತ್ತದೆ. ಭರತದಲ್ಲಿ ಕಡಿಮೆ, ಇಳಿತದಲ್ಲಿ ಜಾಸ್ತಿ. ಇಂಗ್ಲೆಂಡಿನ ನಕಾಶೆಗಳಲ್ಲಿ ಸೇತುವೆಯ ಎತ್ತರ ಬರೆಯುವುದು ಅತಿ ದೊಡ್ಡ ಭರತದ ಮಟ್ಟದಿಂದ ಲೆಕ್ಕ ಹಾಕಿ. ಹಾಗಾಗಿ ಉಳಿದ ದಿನ ಅದಕ್ಕಿಂತ ಸ್ವಲ್ಪ ಹೆಚ್ಚೇ ಜಾಗ ಇರುತ್ತದೆ. ಮೋಟರ್ ದೋಣಿಯವರಿಗೆ ಇದು ದೊಡ್ಡ ಅನುಕೂಲ. ಇಳಿತ ನೋಡಿಕೊಂಡು, ಸೇತುವೆ ಎತ್ತಿಸದೆಯೇ ಕೆಳಗಿನಿಂದ ನುಸುಳಿ ಹೋಗಬಹುದು. ನಮ್ಮದು ಹಾಯಿದೋಣಿ. ಹಾಯಿ ಕಟ್ಟುವ ಕೂವೆಮರದ ತುದಿಯಲ್ಲಿ ದೀಪ, ಅದರ ಮೇಲೆ ರೇಡಿಯೋ ಆಂಟೆನಾ. ನೀರಿನಿಂದ ಅಳೆದರೆ ಹನ್ನೆರಡು ಮೀಟರ್ ದಾಟುತ್ತದೆ. ಸೇತುವೆ ಏಳಲೇಬೇಕು.

ಎತ್ತುವ ಸೇತುವೆಯಲ್ಲೂ ಬೇರೆ ಬೇರೆ ಬಗೆ ಇದೆ. ರಾಮೇಶ್ವರಕ್ಕೆ ಹೋದವರು ಪಾಂಬನ್ ಸೇತುವೆ ನೋಡಿರುತ್ತೀರಿ. 1914ರ ಹಳೇ ರೈಲ್ವೆ ಸೇತುವೆಯಲ್ಲಿ ನಡುವಿನ ಎರಡು ರೆಕ್ಕೆಗಳು ಎರಡು ಕಡೆಗೆ ಬಾಗಿ ಏಳುತ್ತಿದ್ದವು. 2025ರ ಏಪ್ರಿಲ್ 6ರಂದು ಉದ್ಘಾಟನೆಯಾದ ಹೊಸದರಲ್ಲಿ ನಡುವಿನ ಭಾಗ ಲಿಫ್ಟಿನ ಹಾಗೆ ನೇರ ಮೇಲಕ್ಕೆ ಹೋಗುತ್ತದೆ. ದೋಣಿಯವರಿಗೆ ಈ ವ್ಯತ್ಯಾಸ ಗೊತ್ತಿರಬೇಕು. ರೆಕ್ಕೆ ಎತ್ತಿದರೆ ಮೇಲೆ ಬರೀ ಆಕಾಶ, ಎಷ್ಟು ಎತ್ತರದ ಕೂವೆಮರವಾದರೂ ಸರಿ. ಲಿಫ್ಟಿನ ಹಾಗೆ ಏಳುವುದಾದರೆ ಪೂರ್ತಿ ಎತ್ತಿದ ಮೇಲೂ ಒಂದು ಮಿತಿ ಇದ್ದೇ ಇರುತ್ತದೆ. ಆ ಅಂಕಿ ಕೇಳಿ, ನಿಮ್ಮ ದೋಣಿಯ ಎತ್ತರಕ್ಕೆ ಆಂಟೆನಾವನ್ನೂ ಸೇರಿಸಿ ನೋಡಿ. ಹಳೇ ಕಾಗದದಲ್ಲಿ ಬರೆದ ಎತ್ತರ ನಂಬಬೇಡಿ. ನಮ್ಮ ದೋಣಿಯ ಕಾಗದದಲ್ಲಿ ಆಂಟೆನಾ ಲೆಕ್ಕಕ್ಕೇ ಇರಲಿಲ್ಲ.

ಮೊದಲು ಪೂಲ್ ನೋಡಲು ಹೋದೆವು. ಟ್ವಿನ್ ಸೈಲ್ಸ್ ಎದ್ದಾಗ ಎರಡು ತ್ರಿಕೋನಗಳು ನಿಜವಾಗಿ ಹಾಯಿಯ ಹಾಗೆಯೇ ಕಾಣುತ್ತವೆ. ನೋಡುತ್ತಾ ನಿಂತುಬಿಟ್ಟೆ. ಆದರೆ ಎರಡು ಸೇತುವೆ ಅಂದರೆ ಎರಡು ಕಡೆ ಕಾಯುವುದು. ವಾರದ ದಿನಗಳಲ್ಲಿ ಬೆಳಗ್ಗೆ ಸಂಜೆ ಕಾರುಗಳ ಗದ್ದಲದ ಹೊತ್ತಲ್ಲಿ ದೋಣಿಗಳಿಗೆ ಎತ್ತುವುದಿಲ್ಲ. ಮೇಲಾಗಿ ಮಗನ ಮನೆಯಿಂದ ದೂರ. ವಾಪಸ್ ಬರುವ ದಾರಿಯಲ್ಲೇ ಪೂಲ್ ಬೇಡ ಅಂತ ತೀರ್ಮಾನವಾಯಿತು.

ವೇಮತ್‌ಗೆ ನಾನು ಒಬ್ಬನೇ ಬಸ್ಸಿನಲ್ಲಿ ಹೋದೆ. ಮಗ ಡ್ಯೂಟಿಯಲ್ಲಿದ್ದ. ಬೆಳಗ್ಗೆ ಒಂಬತ್ತಕ್ಕೆ ಸೇತುವೆ ಪಕ್ಕದ ಕಟ್ಟೆಯ ಮೇಲೆ ಕೂತವನು ಸಂಜೆ ನಾಲ್ಕೂವರೆಗೆ ಎದ್ದೆ. ಕೈಯಲ್ಲಿ ತೋಟದ ಲೆಕ್ಕ ಬರೆಯುವ ಸಣ್ಣ ಪುಸ್ತಕ. ಅಲ್ಲಿ ಹಗಲು ಎರಡು ಗಂಟೆಗೊಮ್ಮೆ ಎತ್ತುತ್ತಾರೆ. ಹತ್ತು, ಹನ್ನೆರಡು, ಎರಡು, ನಾಲ್ಕು. ಹತ್ತಕ್ಕೆ ಕಾಲು ಗಂಟೆ ಇರುವಾಗ ಹೊರಗಿನಿಂದ ದೋಣಿಗಳು ಬಂದು ಸೇರಲು ಶುರುವಾದವು. ಕಾಯಲೆಂದೇ ಒಂದು ತೇಲುವ ಕಟ್ಟೆ ಇದೆ. ಅದು ತುಂಬಿದ ಮೇಲೆ ಬಂದವರು, ಮೊದಲೇ ಇದ್ದ ದೋಣಿಗೆ ತಮ್ಮ ದೋಣಿ ಕಟ್ಟಿಕೊಂಡರು. ಆಮೇಲೆ ಗಂಟೆ ಬಾರಿಸಿತು, ರಸ್ತೆಗೆ ಅಡ್ಡಗಂಬ ಬಿತ್ತು, ಕಾರು ಸೈಕಲ್ ಎಲ್ಲ ನಿಂತವು. ರಸ್ತೆ ನಡುವೆ ಒಂದು ಗೆರೆ ಬಿರಿಯಿತು. ಬಿರಿದಲ್ಲಿಂದ ಮರಳು ಸಣ್ಣಗೆ ನೀರಿಗೆ ಸುರಿಯಿತು. ಯಾರೋ ಎಸೆದ ಚಿಪ್ಸ್ ಪೊಟ್ಟಣವೊಂದು ಟಾರ್ ರಸ್ತೆಯ ಮೇಲಿಂದ ಜಾರುತ್ತಾ ಜಾರುತ್ತಾ ಕೆಳಗೆ ಬಂತು. ಕೆಂಪು ದೀಪ ಹಸಿರಾಯಿತು. ಒಂದು ಕಡೆಯವರು ಪೂರ್ತಿ ಹೋದ ಮೇಲೆ ಇನ್ನೊಂದು ಕಡೆಯವರು. ಎಲ್ಲ ಸೇರಿ ಒಂಬತ್ತು ನಿಮಿಷ.

ನಾನು ನೋಡಿದ್ದು ಸೇತುವೆಗಿಂತ ಹೆಚ್ಚಾಗಿ ಕಾಯುತ್ತಿದ್ದವರನ್ನು. ಹನ್ನೆರಡರ ಸಲಕ್ಕೆ ಗಾಳಿ ಎದ್ದಿತ್ತು. ಸಣ್ಣ ದೋಣಿಯಲ್ಲಿ ಒಬ್ಬರೇ ಬಂದ ವಯಸ್ಸಾದ ಹೆಂಗಸಿಗೆ ಕಟ್ಟೆಯಲ್ಲಿ ಜಾಗ ಸಿಗಲಿಲ್ಲ. ನಡುನೀರಿನಲ್ಲೇ ಎಂಜಿನ್ ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಮಾಡುತ್ತಾ ಹನ್ನೆರಡು ನಿಮಿಷ ದೋಣಿಯನ್ನು ಒಂದೇ ಕಡೆ ಹಿಡಿದು ನಿಲ್ಲಿಸಿದರು. ಕಣ್ಣು ದೀಪದ ಮೇಲಿಂದ ತೆಗೆಯಲಿಲ್ಲ. ಅವರ ಬಲಗೈ ಗೇರ್ ಮೇಲಿತ್ತು, ಬೆರಳ ಗಂಟುಗಳು ಬೆಳ್ಳಗಾಗಿದ್ದವು. ನನ್ನ ಮಗನಿಗೆ ಇದು ಬರುತ್ತದಾ ಅಂತ ಯೋಚನೆ ಬಂದು ಹೊಟ್ಟೆಯಲ್ಲಿ ಒಂಥರಾ ಆಯಿತು. ಹಾಯಿ ಬಿಡಲು ಬಂದರೆ ಸಾಲದು. ಇಕ್ಕಟ್ಟಿನಲ್ಲಿ, ಗಾಳಿಯಲ್ಲಿ, ಹತ್ತು ದೋಣಿಗಳ ನಡುವೆ ಸುಮ್ನೆ ನಿಲ್ಲಲು ಬರಬೇಕು. ಸೇತುವೆ ಒಳಗೆ ಜಾಗ ಹಿಡಿಯುವವರು ಇದನ್ನು ಮೊದಲು ಅಭ್ಯಾಸ ಮಾಡಿಕೊಳ್ಳಿ. ಎಂಜಿನ್ ನಂಬಿಕಸ್ಥವಾಗಿರಬೇಕು. ನಾನು ಎಂಜಿನ್ನಿನವನು, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ.

ಪೋರ್ಟ್‌ಲ್ಯಾಂಡ್‌ಗೂ ಹೋಗಿ ನೋಡಿದೆವು. ಒಳ್ಳೆ ಜಾಗ. ಯಾವ ಹೊತ್ತಿಗೆ ಬೇಕಾದರೂ ಹಗ್ಗ ಬಿಚ್ಚಿ ಹೋಗಬಹುದು. ಆದರೆ ಬಯಲು ನೀರು, ಗಾಳಿ ಜಾಸ್ತಿ. ವೇಮತ್‌ನಲ್ಲಿ ಸೇತುವೆ ಒಳಗೆ ಹೋದರೆ ನೀರು ಕೆರೆಯ ಹಾಗೆ. ಚಳಿಗಾಲದ ಬಿರುಗಾಳಿಯಲ್ಲಿ ದೋಣಿ ಬಿಟ್ಟು ಮಗ ಹನ್ನೆರಡು ಗಂಟೆ ಡ್ಯೂಟಿ ಮಾಡಬೇಕು. ಆ ಯೋಚನೆ ನನ್ನನ್ನು ಸ್ವಲ್ಪ ಸ್ವಲ್ಪವೇ ಅವನ ಕಡೆಗೆ ತಿರುಗಿಸಿತು.

ಆ ರಾತ್ರಿ ಊಟದ ಮೇಜಿನ ಮೇಲೆ ಅವನ ಮೂರು ತಿಂಗಳ ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿ, ಹರಡಿಕೊಂಡು ಕೂತೆವು. ರಜೆ ದಿನ ಎಷ್ಟು, ಅದರಲ್ಲಿ ಇಡೀ ದಿನ ಹೋಗುವುದು ಎಷ್ಟು, ಡ್ಯೂಟಿ ಮುಗಿಸಿ ಸಂಜೆ ಎರಡು ಗಂಟೆಯ ಮಟ್ಟಿಗೆ ಅಂತ ಹೋಗುವುದು ಎಷ್ಟು. ಸಂಜೆಯ ಸುತ್ತಾಟಕ್ಕೆ ಅವನಿಗೆ ಪುರುಸೊತ್ತೇ ಇಲ್ಲ ಅಂತ ಗೊತ್ತಾಯಿತು. ಅವನು ಹೋದರೆ ಬೆಳಗ್ಗೆ ಹೋಗಿ ಸಂಜೆ ಬರುವವನು. ಹತ್ತಕ್ಕೆ ಹೊರಗೆ, ಆರಕ್ಕೆ ಒಳಗೆ. ಇಂಥವರಿಗೆ ಸೇತುವೆ ಅಷ್ಟು ತೊಂದರೆ ಕೊಡುವುದಿಲ್ಲ. ಆಫೀಸು ಮುಗಿಸಿ ಸಂಜೆ ಒಂದು ಸುತ್ತು ಹೋಗಿ ಬರುವ ಆಸೆ ಇದ್ದವರು ಮಾತ್ರ ಸೇತುವೆ ಒಳಗೆ ಹೋಗಬೇಡಿ. ಉಳಿಸಿದ ದುಡ್ಡಿಗೆ ಸರಿಯಾಗಿ ಹಾಯಿ ಬಿಡುವ ದಿನಗಳೂ ಕಡಿಮೆಯಾಗುತ್ತವೆ.

ಕೊನೆಗೆ ವೇಮತ್ ಅಂತಲೇ ಆಯಿತು. ಕರಾರಿಗೆ ಸಹಿ ಹಾಕುವಾಗ ಎರಡು ತಕರಾರು ಬಂತು. ನಾವು 29 ಅಡಿ, ಅಂದರೆ 8.8 ಮೀಟರ್ ಅಂತ ದರಪಟ್ಟಿ ತಗೊಂಡಿದ್ದೆವು. ಬಾಡಿಗೆ ಮೀಟರಿನ ಲೆಕ್ಕ. ಅಳೆಯುವವರು ಬಂದು ಮುಂದೆ ಚಾಚಿದ ಲಂಗರು, ಹಿಂದೆ ನೇತಾಡುವ ಏಣಿ ಎಲ್ಲ ಸೇರಿಸಿ 9.5 ಅಂದರು. ನಿಯಮವೇ ಹಾಗೆ, ತುದಿಯಿಂದ ತುದಿಗೆ. ಲಂಗರು ತೆಗೆದು ಒಳಗಿಟ್ಟು, ಏಣಿ ಮಡಚಿ ಮತ್ತೆ ಅಳೆಸಿದೆವು, 9.1ಕ್ಕೆ ಇಳಿಯಿತು. ಅಳೆಯುವ ಮೊದಲೇ ಈ ಕೆಲಸ ಮಾಡಿಕೊಳ್ಳಿ. ಇನ್ನೊಂದು, ಕರಾರಿನ ಕೊನೆ ಪುಟದಲ್ಲಿ ಸಣ್ಣ ಅಕ್ಷರದಲ್ಲಿತ್ತು. ಸೇತುವೆ ಕೆಟ್ಟು ದೋಣಿ ಒಳಗೇ ಉಳಿದರೆ ಬಾಡಿಗೆಯಲ್ಲಿ ಕಡಿತ ಇಲ್ಲ. ಕೇಳಿದರೆ, ಸೇತುವೆ ನಮ್ಮದಲ್ಲ ಅಂದರು. ಅದೂ ನಿಜ. ಸೇತುವೆ ಒಬ್ಬರದು, ಮರೀನಾ ಇನ್ನೊಬ್ಬರದು, ದೋಣಿ ನಮ್ಮದು. ದೂರದ ಪ್ರಯಾಣಕ್ಕೆ ರಜೆ ಹಾಕುವವರು ರಿಪೇರಿಗೆ ಸೇತುವೆ ನಿಲ್ಲಿಸುವ ದಿನಗಳನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ನಾವು ವರ್ಷದ ಬದಲು ಆರು ತಿಂಗಳಿಗೆ ಸಹಿ ಹಾಕಿದೆವು. ತಿಂಗಳ ಲೆಕ್ಕದಲ್ಲಿ ಸ್ವಲ್ಪ ದುಬಾರಿ, ಆದರೆ ಮನಸ್ಸಿಗೆ ನೆಮ್ಮದಿ.

ರೇಡಿಯೋ ವಿಷಯ ಮರೆಯಬೇಡಿ. ಸೇತುವೆಯವರ ಜೊತೆ ಮಾತಾಡುವುದು ವಿಎಚ್‌ಎಫ್ ರೇಡಿಯೋದಲ್ಲಿ, ವೇಮತ್‌ನಲ್ಲಿ 12ನೇ ಚಾನೆಲ್. ದೋಣಿಯ ರೇಡಿಯೋಗೆ ಲೈಸೆನ್ಸ್ ಬೇಕು, ಆನ್‌ಲೈನ್‌ನಲ್ಲಿ ಮಾಡಿದರೆ ಅದಕ್ಕೆ ದುಡ್ಡಿಲ್ಲ. ಮಾತಾಡುವವರಿಗೂ ಒಂದು ಪರೀಕ್ಷೆ ಪಾಸಾದ ಸರ್ಟಿಫಿಕೇಟ್ ಬೇಕು. ಮಗ ಅದನ್ನು ಮೊದಲೇ ಮಾಡಿಕೊಂಡಿದ್ದ.

ಜೂನ್ ಎರಡನೇ ವಾರ ದೋಣಿಯನ್ನು ಲಿಮಿಂಗ್ಟನ್‌ನಿಂದ ವೇಮತ್‌ಗೆ ತಂದೆವು. ಹತ್ತಿರ ಹತ್ತಿರ 40 ನಾಟಿಕಲ್ ಮೈಲಿ. ಮಗ, ಅವನ ಜೊತೆ ಕೆಲಸ ಮಾಡುವ ಹುಡುಗಿ, ನಾನು. ಇಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ಪಾಠ ಆಯಿತು. ಅಲ್ಲಿಂದ ಪಶ್ಚಿಮಕ್ಕೆ ಬರಬೇಕಾದರೆ ನೀಡಲ್ಸ್ ಬಂಡೆಗಳ ಪಕ್ಕದ ಇಕ್ಕಟ್ಟಿನಿಂದ ಹೊರಬೀಳಬೇಕು. ಅಲ್ಲಿ ನೀರಿನ ಸೆಳೆತ ಜೋರು. ಇಳಿತ ಶುರುವಾದಾಗ ಹೊರಟರೆ ಅದು ನಿಮ್ಮನ್ನು ಎತ್ತಿಕೊಂಡು ಹೋಗುತ್ತದೆ, ತಡವಾದರೆ ಎದುರಾಗುತ್ತದೆ. ಹೊರಡುವ ಹೊತ್ತನ್ನು ಸಮುದ್ರ ಹೇಳುತ್ತದೆ. ಸೇತುವೆ ಮಾತ್ರ ಗೋಡೆ ಗಡಿಯಾರ ನೋಡಿ ಏಳುತ್ತದೆ. ಭರತ ಇಳಿತ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ಮುಂದೆ ಹೋಗುತ್ತಿರುತ್ತದೆ, ಗೋಡೆ ಗಡಿಯಾರ ಅಲ್ಲೇ ಇರುತ್ತದೆ. ಈ ಎರಡೂ ಕೂಡಿಬರುವ ದಿನ ಹುಡುಕಿ ಹೊರಡಬೇಕು. ಕೆಲವು ಮರೀನಾಗಳಲ್ಲಿ ಸೇತುವೆ ಜೊತೆಗೆ ನೀರು ಹಿಡಿದಿಡುವ ಗೇಟೂ ಇರುತ್ತದೆ, ಅದು ಭರತದ ಹೊತ್ತಿಗೆ ಮಾತ್ರ ತೆರೆಯುತ್ತದೆ. ಅಂಥ ಕಡೆ ಇನ್ನೂ ಕಷ್ಟ.

ನಮ್ಮ ಲೆಕ್ಕ ಆರು ಗಂಟೆಯ ಸೇತುವೆ. ಮಧ್ಯಾಹ್ನ ಗಾಳಿ ಬಿತ್ತು, ಕೊನೆಯ ಎರಡು ಗಂಟೆ ನೀರು ಎದುರಾಯಿತು. ನಾನು ಎಂಜಿನ್ ಪಕ್ಕ ಕೂತು ಅದರ ಸದ್ದು ಕೇಳುತ್ತಿದ್ದೆ. ಮಗ ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದ. ನಾವು ಒಳಗೆ ಬರುವಾಗ ಆರು ಇಪ್ಪತ್ತು. ಸೇತುವೆ ಮುಚ್ಚಿ, ಅದರ ಮೇಲೆ ಬಸ್ಸು ಹೋಗುತ್ತಿತ್ತು. ಇನ್ನು ಎಂಟಕ್ಕೇ. ಸಿಟ್ಟು ಬಂದಿತ್ತು ಮಗನಿಗೆ, ಮಾತಾಡಲಿಲ್ಲ. ಕಾಯುವ ಕಟ್ಟೆಗೆ ದೋಣಿ ಕಟ್ಟಿದೆವು. ನಮ್ಮವಳು ಊರಿಂದ ಕಳಿಸಿದ ಕಾಚಂಪುಳಿ ಹಾಕಿ ಅವನು ಹಿಂದಿನ ರಾತ್ರಿ ಮಾಡಿದ ಹಂದಿ ಕರಿ ಡಬ್ಬಿಯಲ್ಲಿತ್ತು. ಅಕ್ಕಿ ರೊಟ್ಟಿ ತಣ್ಣಗಾಗಿತ್ತು. ಮೂವರೂ ಡೆಕ್ ಮೇಲೆ ಕೂತು ತಿಂದೆವು. ಅಲ್ಲಿ ಜೂನ್‌ನಲ್ಲಿ ರಾತ್ರಿ ಒಂಬತ್ತರ ತನಕ ಬೆಳಕು. ಎಂಟಕ್ಕೆ ಗಂಟೆ ಬಾರಿಸಿದಾಗ ಮಗ ಚುಕ್ಕಾಣಿಯನ್ನು ನನ್ನ ಕೈಗೆ ಕೊಟ್ಟು, ತಾನು ಹಗ್ಗ ಬಿಚ್ಚಲು ಮುಂದೆ ಹೋದ. ಮೂವತ್ತೊಂದು ವರ್ಷದಲ್ಲಿ ನಾನು ಚುಕ್ಕಾಣಿ ಹಿಡಿದವನಲ್ಲ. ಎರಡು ಎದ್ದ ರೆಕ್ಕೆಗಳ ನಡುವೆ ದೋಣಿ ನುಗ್ಗುವಾಗ ಕತ್ತೆತ್ತಿ ನೋಡಿದೆ. ಆಂಟೆನಾ ತುದಿಯ ಮೇಲೆ ಆಕಾಶ ಮಾತ್ರ ಇತ್ತು.

ನಾನು ವಾಪಸ್ ಬಂದ ಮೇಲೆ ಮಗ ಮೂರು ಸಲ ಹೋಗಿ ಬಂದಿದ್ದಾನೆ. ಎರಡು ಸಲ ಆರರ ಸೇತುವೆ ಸಿಕ್ಕಿತಂತೆ, ಒಂದು ಸಲ ತಪ್ಪಿತಂತೆ. ಚಳಿಗಾಲದಲ್ಲಿ ಸೇತುವೆ ಎತ್ತುವ ಸಲಗಳು ಕಡಿಮೆಯಾಗುತ್ತವೆ. ಆ ಹೊಸ ವೇಳಾಪಟ್ಟಿ ಕಳಿಸು ಅಂತ ಹೇಳಿದ್ದೇನೆ. ಡಿಸೆಂಬರ್‌ನಲ್ಲಿ ಕರಾರು ಮುಗಿಯುವ ಮೊದಲು ರೋಸ್ಟರ್ ಪಕ್ಕ ಇಟ್ಟು ಇನ್ನೊಮ್ಮೆ ಲೆಕ್ಕ ಹಾಕಬೇಕು, ಕುಯ್ಲು ಶುರುವಾಗುವ ಮೊದಲೇ.